ಅಮೆಲಿಯಾ ಎಡ್ವರ್ಡ್ಸ್ ಓದಿದ ಬಗೆ



1873ರ ನವೆಂಬರ್ ಕೊನೆಯಲ್ಲಿ ಇಬ್ಬರು ಇಂಗ್ಲಿಷ್ ಹೆಂಗಸರು ಕೈರೋ ನಗರಕ್ಕೆ ಬಂದಿಳಿದರು. ಫ್ರಾನ್ಸಿನ ಹಳ್ಳಿಗಳಲ್ಲಿ ಚಿತ್ರ ಬರೆಯುತ್ತ ತಿರುಗಾಡಬೇಕೆಂದು ಮನೆ ಬಿಟ್ಟವರು. ಅಲ್ಲಿ ಮಳೆ ಬಿಡದೆ ಹಿಡಿದುಕೊಂಡಿತು. ಬಿಸಿಲು ಸಿಕ್ಕರೆ ಸಾಕು ಎಂದು ಈಜಿಪ್ಟಿನ ಹಡಗು ಹತ್ತಿದರು. ಒಬ್ಬರ ಹೆಸರು ಲೂಸಿ ರೆನ್‌ಶಾ, ಇನ್ನೊಬ್ಬರದು ಅಮೆಲಿಯಾ ಎಡ್ವರ್ಡ್ಸ್. ಅಮೆಲಿಯಾಗೆ ಆಗ 42 ವರ್ಷ. ಕಾದಂಬರಿ ಬರೆದು, ಪತ್ರಿಕೆಗಳಿಗೆ ಲೇಖನ ಕೊಟ್ಟು, ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಳ್ಳುತ್ತಿದ್ದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ತಾಯಿ ಮನೆಯಲ್ಲೇ ಪಾಠ ಹೇಳಿದ್ದರು. ಅಂಥವರು ಒಂಬತ್ತು ವರ್ಷಗಳ ಬಳಿಕ, 1882ರಲ್ಲಿ, ಲಂಡನ್ನಿನಲ್ಲಿ 'ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್' ಎಂಬ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದರು. ನೈಲ್ ನದಿಯ ಕಣಿವೆಯಲ್ಲಿ ಶಾಸ್ತ್ರೀಯವಾದ ಉತ್ಖನನ ನಡೆಯಲು ಹಣ, ಜನ, ಬೆಂಬಲ ಕೂಡಿಸಿಕೊಟ್ಟ ಸಂಸ್ಥೆ ಅದು. ಇಂದಿಗೂ ಬದುಕಿದೆ.

ಮಳೆಯಿಂದ ತಪ್ಪಿಸಿಕೊಳ್ಳಲು ಬಂದ ಪ್ರವಾಸಿಗಳು ಆ ಕಾಲದ ಕೈರೋದಲ್ಲಿ ಬೇಕಾದಷ್ಟು ಮಂದಿ ಇದ್ದರು. ಚಳಿಗಾಲ ಬಂದರೆ ಯುರೋಪಿನ ಶ್ರೀಮಂತರೆಲ್ಲ ದೋಣಿ ಬಾಡಿಗೆಗೆ ಹಿಡಿದು ನೈಲ್ ಮೇಲೆ ತೇಲುವವರೇ. ಅವರಲ್ಲಿ ಹೆಚ್ಚಿನವರು ಗುಡಿ ನೋಡಿ ಊರಿಗೆ ಮರಳಿದರು. ಅಮೆಲಿಯಾ ಒಬ್ಬರೇ ಬೇರೆ ಹಾದಿ ಹಿಡಿದದ್ದು ಹೇಗೆ? ಅವರ ಓದಿನ ಕ್ರಮವೇ ಅದಕ್ಕೆ ಕಾರಣ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನೇ. ಕೊಯಮತ್ತೂರಿನಲ್ಲಿ ವಾಸವಾಗಿರುವ ಕನ್ನಡದವಳೊಬ್ಬಳು ಇದನ್ನು ಏಕೆ ಎತ್ತಿಕೊಂಡಳು ಎಂಬುದು ಮಾತು ಮುಂದುವರಿದಂತೆ ತಿಳಿಯುತ್ತದೆ.

ಅಮೆಲಿಯಾ ಹುಟ್ಟಿದ್ದು 1831ರಲ್ಲಿ. ಅವರು ಆರು ವರ್ಷದ ಮಗುವಾಗಿದ್ದಾಗ, 1837ರಲ್ಲಿ, ಗಾರ್ಡ್‌ನರ್ ವಿಲ್ಕಿನ್ಸನ್ ಎಂಬ ವಿದ್ವಾಂಸರ ದೊಡ್ಡ ಗ್ರಂಥ ಹೊರಬರತೊಡಗಿತು. ಪ್ರಾಚೀನ ಈಜಿಪ್ಟಿನವರು ಹೇಗೆ ಉಣ್ಣುತ್ತಿದ್ದರು, ಏನು ಉಡುತ್ತಿದ್ದರು, ಹೇಗೆ ಉಳುತ್ತಿದ್ದರು, ಮೀನು ಹೇಗೆ ಹಿಡಿಯುತ್ತಿದ್ದರು ಎಂಬುದನ್ನೆಲ್ಲ ಗೋರಿಗಳ ಗೋಡೆಚಿತ್ರಗಳನ್ನು ನಕಲು ಮಾಡಿ ತಿಳಿಸುವ ಪುಸ್ತಕ. ಆರು ಸಂಪುಟ, ಆರು ನೂರರಷ್ಟು ಚಿತ್ರ. ಹುಡುಗಿ ಅಮೆಲಿಯಾಗೆ 'ಅರೇಬಿಯನ್ ನೈಟ್ಸ್' ಎಷ್ಟು ಪ್ರಿಯವೋ ಈ ಪುಸ್ತಕವೂ ಅಷ್ಟೇ ಪ್ರಿಯ. ಮತ್ತೆ ಮತ್ತೆ ಓದಿ ಪ್ರತಿ ಸಾಲೂ ಪರಿಚಯವಾಗಿತ್ತು, ಪ್ರತಿ ಚಿತ್ರವೂ ಬಾಯಿಪಾಠವಾದಂತೆ ಮನಸ್ಸಿನಲ್ಲಿ ಕೂತಿತ್ತು. ಇದನ್ನು ಅವರೇ ತಮ್ಮ ಪ್ರವಾಸ ಗ್ರಂಥದಲ್ಲಿ ನೆನೆದಿದ್ದಾರೆ. ಎಲ್ಲಿ ನೆನೆದಿದ್ದಾರೆ ಎಂಬುದನ್ನು ಗಮನಿಸಬೇಕು. ಥೀಬ್ಸ್ ಎಂಬಲ್ಲಿ, ನೈಲ್ ನದಿಯ ಪಶ್ಚಿಮ ದಂಡೆಯ ಗೋರಿಗಳೊಳಗೆ ಕಾಲಿಟ್ಟಾಗ. ಗೋಡೆ ತುಂಬ ಉಳುವವರು, ನೇಯುವವರು, ಬಡಗಿಗಳು, ಔತಣಕ್ಕೆ ಕೂತವರು. ಸುತ್ತ ಕಂಡವರೆಲ್ಲ ಬಾಲ್ಯದ ಗೆಳೆಯರು! ಮೂವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಮನೆಯೊಂದರಲ್ಲಿ ಪುಟ ತಿರುವುತ್ತ ಕಂಡ ಮುಖಗಳು ಇಲ್ಲಿ ಬಣ್ಣ ಸಹಿತ ಎದುರಿಗೆ ನಿಂತಿದ್ದವು. ಜೊತೆಗೆ ಬಂದ ಬೇರೆ ಪ್ರವಾಸಿಗಳಿಗೆ ಅದು ಕತ್ತಲೆ ಕೋಣೆ, ಧೂಳು, ಬಾವಲಿಯ ವಾಸನೆ. ಈಕೆಗೆ ಅದು ನೆಂಟರ ಮನೆ.

ದಾರಿಯಲ್ಲಿ ಓದಿದ್ದು ಇನ್ನೊಂದು ಬಗೆ. 'ಫೀಲೆ' ಎಂಬ ದೋಣಿಯನ್ನು ಬಾಡಿಗೆಗೆ ಹಿಡಿದು ಅವರು ನೈಲ್ ನದಿಯಲ್ಲಿ ಮೇಲಕ್ಕೆ ಹೊರಟರು. ಗಾಳಿ ಬೀಸಿದರೆ ದೋಣಿ ಓಡುತ್ತದೆ, ಗಾಳಿ ನಿಂತರೆ ನಾವಿಕರು ಹಗ್ಗ ಕಟ್ಟಿ ದಂಡೆಯ ಮೇಲೆ ನಡೆಯುತ್ತ ಎಳೆಯಬೇಕು. ಅಂಥ ಪಯಣದಲ್ಲಿ ಹೊತ್ತಿಗೆ ಕೊರತೆ ಇಲ್ಲ. ಹೆರೊಡೋಟಸ್ ಮತ್ತು ಸ್ಟ್ರಾಬೊ ಎಂಬ ಪುರಾತನ ಗ್ರೀಕ್ ಬರಹಗಾರರಿಂದ ಹಿಡಿದು ಶಾಂಪೋಲಿಯನ್, ಲೆಪ್ಸಿಯಸ್, ಮಾರಿಯೆಟ್ ಎಂಬ ತಮ್ಮ ಶತಮಾನದ ಪಂಡಿತರ ತನಕ ಅವರ ಪುಸ್ತಕದಲ್ಲಿ ಎಲ್ಲರೂ ಬರುತ್ತಾರೆ. ಸುಮ್ಮನೆ ಹೆಸರು ಉದುರಿಸಲು ಬರುವುದಿಲ್ಲ. ಇಂಥ ಕಂಬ ಇಂಥ ಕಡೆ ಇದೆ ಎಂದು ಒಬ್ಬರು ಬರೆದಿದ್ದರೆ ಅಮೆಲಿಯಾ ಅಲ್ಲಿಗೆ ಹೋಗಿ ನೋಡುತ್ತಾರೆ, ಅಳೆಯುತ್ತಾರೆ, ಚಿತ್ರ ಬರೆದುಕೊಳ್ಳುತ್ತಾರೆ. ಓದಿದ್ದಕ್ಕೂ ಕಂಡದ್ದಕ್ಕೂ ತಾಳೆ ಬೀಳದಿದ್ದರೆ ಅದನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುತ್ತಾರೆ.

ಲಕ್ಸರ್‌ನಲ್ಲಿ ಅವರು ಒಂದು ಹಳೆಯ ಮನೆಯನ್ನು ನೋಡಲು ಹೋದರು. ದೇವಾಲಯದ ಅವಶೇಷದ ಮೇಲೆಯೇ ಕಟ್ಟಿದ್ದ ಮುರುಕಲು ಮನೆ. ಅದರಲ್ಲಿ ಕೆಲವು ವರ್ಷ ವಾಸವಾಗಿದ್ದವರು ಲೂಸಿ ಡಫ್ ಗಾರ್ಡನ್ ಎಂಬ ಇಂಗ್ಲಿಷ್ ಮಹಿಳೆ. ಕ್ಷಯರೋಗಕ್ಕೆ ಒಣ ಹವೆ ಬೇಕೆಂದು ಬಂದು, ಊರವರ ನಡುವೆ ಬೆರೆತು, ಅವರ ಕಷ್ಟಸುಖ ಕೇಳಿ, ಮನೆಯವರಿಗೆ ಪತ್ರ ಬರೆದವರು. 1869ರಲ್ಲಿ ತೀರಿಕೊಂಡರು. ಆ ಪತ್ರಗಳ ಪುಸ್ತಕವನ್ನು ಬಲ್ಲವರಾದ್ದರಿಂದಲೇ ಅಮೆಲಿಯಾ ಆ ಕೋಣೆಗಳನ್ನು ಹುಡುಕಿ ಹೋದದ್ದು. ತಮಗಿಂತ ಮೊದಲು ಆ ದಾರಿಯಲ್ಲಿ ನಡೆದ ಹೆಣ್ಣಿನ ಬರಹವನ್ನು ಓದಿಕೊಂಡು ಹೋಗುವುದು ನನಗೆ ಬಹಳ ಮೆಚ್ಚಿನ ನಡತೆ. ನಮ್ಮ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದವರಿಗೆ ಗೊತ್ತು, ಓದಿಕೊಂಡು ಹೋದ ಪ್ರವಾಸಿಗೂ ಸುಮ್ಮನೆ ಹೋದ ಪ್ರವಾಸಿಗೂ ಎಷ್ಟು ಅಂತರ ಎಂದು. ಒಂದು ಮಾತನ್ನು ಮಾತ್ರ ಇಲ್ಲೇ ಹೇಳಿಬಿಡಬೇಕು. ಡಫ್ ಗಾರ್ಡನ್ ಊರಿನ ಜನರನ್ನು ಅರ್ಥ ಮಾಡಿಕೊಂಡಷ್ಟು ಅಮೆಲಿಯಾ ಮಾಡಿಕೊಳ್ಳಲಿಲ್ಲ. ಸತ್ತ ರಾಜರ ಬಗ್ಗೆ ಇದ್ದ ಸಹನೆ, ಮಮತೆ ಬದುಕಿದ್ದ ರೈತರ ಬಗ್ಗೆ ಅವರ ಪುಸ್ತಕದ ಎಲ್ಲ ಪುಟಗಳಲ್ಲೂ ಕಾಣುವುದಿಲ್ಲ. ಆ ಕಾಲದ ಇಂಗ್ಲಿಷರ ಗರ್ವ ಅಲ್ಲಲ್ಲಿ ಇಣುಕುತ್ತದೆ. ಪುಸ್ತಕದ ಓದು ಆ ಮಟ್ಟಿಗೆ ಅವರನ್ನು ತಿದ್ದಲಿಲ್ಲ.

ಅಬು ಸಿಂಬೆಲ್‌ನಲ್ಲಿ, ರಾಮ್‌ಸೆಸ್ ಎಂಬ ಅರಸನ ಬೆಟ್ಟದಂಥ ಮೂರ್ತಿಗಳ ಮುಂದೆ, ಅವರು 14 ದಿನ ನಿಂತರು. ಬೇರೆ ದೋಣಿಗಳು ಒಂದೆರಡು ದಿನದಲ್ಲಿ ಹೊರಡುತ್ತಿದ್ದ ಜಾಗ. ಜೊತೆಗಿದ್ದ ಚಿತ್ರಕಾರರೊಬ್ಬರ ಕಣ್ಣಿಗೆ ಬಂಡೆಯ ಸಂದಿಯೊಂದು ಬಿತ್ತು. ಮರಳು ತೋಡಿದರೆ ಒಳಗೆ ಬಣ್ಣದ ಗೋಡೆಗಳ ಪುಟ್ಟ ಗುಡಿ. ಅಮೆಲಿಯಾ ಅಲ್ಲಿನ ಲಿಪಿಯನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಂಡರು. ಬ್ರಿಟಿಷ್ ಮ್ಯೂಸಿಯಮ್ಮಿನ ಸ್ಯಾಮ್ಯುಯೆಲ್ ಬರ್ಚ್ ಅವರು ಆ ಬರಹವನ್ನು ಓದಿ ಅರ್ಥ ಹೇಳಿಕೊಟ್ಟರು. ಬೇರೆಯವರು ಓದಿ ಹೇಳಿದರೆ ಸಾಕು ಎಂದು ಈಕೆ ಅಲ್ಲಿಗೇ ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಚಿತ್ರಲಿಪಿಯನ್ನು ತಾವೇ ಕೂತು ಕಲಿತರು. ಮಧ್ಯವಯಸ್ಸಿನಲ್ಲಿ, ಗುರುವಿಲ್ಲದೆ, ಪುಸ್ತಕ ಇಟ್ಟುಕೊಂಡು.

ಮೂರನೆಯ ಬಗೆಯ ಓದು ಮರಳಿ ಬಂದ ಮೇಲಿನದು. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 1874ರಲ್ಲಿ ಮರಳಿದವರು ಪುಸ್ತಕ ಹೊರಡಿಸಿದ್ದು 1877ರಲ್ಲಿ. ಹೆಸರು 'ಎ ಥೌಸಂಡ್ ಮೈಲ್ಸ್ ಅಪ್ ದ ನೈಲ್'. ಕಾದಂಬರಿ ಬರೆದು ಪಳಗಿದ ಕೈ ಒಂದು ಪ್ರವಾಸದ ಪುಸ್ತಕಕ್ಕೆ ಇಷ್ಟು ಕಾಲ ತೆಗೆದುಕೊಂಡದ್ದು ಓದಿಗಾಗಿ. ಕಂಡದ್ದನ್ನೆಲ್ಲ ಗ್ರಂಥಗಳ ಜೊತೆ ಒರೆಹಚ್ಚಿದರು. ಅನುಮಾನ ಬಂದಲ್ಲಿ ವಿದ್ವಾಂಸರಿಗೆ ಪತ್ರ ಬರೆದರು. ಹತ್ತು ವರ್ಷ ಕಳೆದು ಎರಡನೆಯ ಆವೃತ್ತಿ ಬಂದಾಗ, ನಡುವೆ ಸಿಕ್ಕ ಹೊಸ ಶೋಧಗಳನ್ನು ಸೇರಿಸಿದರು. ಫ್ರೆಂಚ್ ವಿದ್ವಾಂಸ ಮಾಸ್ಪೆರೊ ಅವರ ಪುರಾತತ್ವ ಗ್ರಂಥವನ್ನು 1887ರಲ್ಲಿ ಇಂಗ್ಲಿಷಿಗೆ ತಂದರು. ಕಾದಂಬರಿ ಬರೆಯುವುದನ್ನು ಆ ವೇಳೆಗೆ ಬಿಟ್ಟೇಬಿಟ್ಟಿದ್ದರು. ಕೀರ್ತಿಯೂ ಹಣವೂ ತರುತ್ತಿದ್ದ ಕೆಲಸವನ್ನು ಕೈಬಿಟ್ಟು, ಸಂಸ್ಥೆಗಾಗಿ ಸಾವಿರಾರು ಪತ್ರ ಬರೆದು ಚಂದಾ ಎತ್ತಿದ ಕಾದಂಬರಿಗಾರ್ತಿ ಇನ್ನೊಬ್ಬರು ಇದ್ದಾರೋ ಇಲ್ಲವೋ!

ಈಗ ನಮ್ಮ ಸೀಮೆಗೆ ಬರೋಣ. ಅಮೆಲಿಯಾ ತೇಲಿದ ನೈಲ್ ನದಿಯ ನೀರಿಗೂ ನಮ್ಮ ನೊಯ್ಯಲ್ ಹೊಳೆಗೂ ಎರಡು ಸಾವಿರ ವರ್ಷಗಳ ಹಿಂದೆ ನಂಟಿತ್ತು. ರೋಮನ್ ಸಾಮ್ರಾಜ್ಯದ ಸರಕು ನೈಲ್ ಹಿಡಿದು ಕೊಪ್ಟೊಸ್ ಎಂಬ ಪಟ್ಟಣಕ್ಕೆ ಬರುತ್ತಿತ್ತು. ಅಲ್ಲಿಂದ ಒಂಟೆಗಳ ಮೇಲೆ ಮರಳುಗಾಡು ದಾಟಿ ಕೆಂಪು ಸಮುದ್ರದ ಬೆರೆನಿಕೆ, ಮಿಯೊಸ್ ಹಾರ್ಮೊಸ್ ಬಂದರುಗಳಿಗೆ. ಮುಂಗಾರಿನ ಗಾಳಿ ಹಿಡಿದು ಹಡಗುಗಳು ಕೇರಳದ ಮುಜಿರಿಸ್ ತಲಪುತ್ತಿದ್ದವು. ಪಶ್ಚಿಮ ಘಟ್ಟದ ಗೋಡೆ ಪಾಲಕ್ಕಾಡಿನಲ್ಲಿ ಬಾಯಿ ತೆರೆಯುತ್ತದಲ್ಲ, ಆ ಕಣಿವೆಯ ಮೂಲಕ ಪೂರ್ವಕ್ಕೆ ಬಂದರೆ ಕೊಯಮತ್ತೂರು, ನೊಯ್ಯಲ್ ದಂಡೆ ಹಿಡಿದು ನಡೆದರೆ ಕಾವೇರಿ, ಕರೂರು. ಆ ದಾರಿಯುದ್ದಕ್ಕೂ ರೋಮನ್ ಬೆಳ್ಳಿ ಸಿಕ್ಕಿದೆ. ಕೊಯಮತ್ತೂರಿಗೆ ಅಂಟಿಕೊಂಡ ವೆಳ್ಳಲೂರಿನಲ್ಲಿ 1842ರಲ್ಲಿ ಒಂದೇ ಗಡಿಗೆಯ ನಿಧಿಯಲ್ಲಿ 500ಕ್ಕೂ ಮಿಕ್ಕಿ ನಾಣ್ಯಗಳು ಕಂಡವು. ಮುಂದೆಯೂ ಅದೇ ಊರಿನಲ್ಲಿ ಹಲವು ಸಲ ಸಿಕ್ಕವು. ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ ಉಡುಮಲೈ ಸೀಮೆಯ ಬೂದಿನತ್ತಂನಲ್ಲಿ 1946ರಲ್ಲಿ ಸಾವಿರಕ್ಕೂ ಹೆಚ್ಚು ನಾಣ್ಯ ಸಿಕ್ಕವು.

ಈ ಸೀಮೆಯ ನಿಧಿಗಳಲ್ಲಿ ಬಹಳ ಸಿಗುವ ಒಂದು ನಾಣ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಇಂದಿನ ಒಂದು ರೂಪಾಯಿಗಿಂತ ಚಿಕ್ಕದು, ದಪ್ಪ ತುಸು ಹೆಚ್ಚು, ಅಂಚು ಸರಿಯಾದ ದುಂಡಗಿಲ್ಲ. ಒಂದು ಮಗ್ಗುಲಲ್ಲಿ ಟೈಬೀರಿಯಸ್ ಚಕ್ರವರ್ತಿಯ ತಲೆ, ಎಲೆಗಳ ಕಿರೀಟ, ನೇರ ಮೂಗು, ಸುತ್ತ ಲ್ಯಾಟಿನ್ ಅಕ್ಷರ. ಇನ್ನೊಂದು ಮಗ್ಗುಲಲ್ಲಿ ಪೀಠದ ಮೇಲೆ ಕೂತ ಒಬ್ಬ ಹೆಂಗಸು. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಎಲೆಯ ರೆಂಬೆ. ಅವಳು ಚಕ್ರವರ್ತಿಯ ತಾಯಿ ಲಿವಿಯಾ ಎಂದು ಹಲವರು ಹೇಳುತ್ತಾರೆ. ಆ ಹೆಂಗಸನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಯಾವನೋ ವ್ಯಾಪಾರಿ ವೆಳ್ಳಲೂರಿನ ಸಂತೆಗೆ ನಡೆದು ಬಂದಿದ್ದಾನೆ. ಚೆನ್ನೈ ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಇಂಥ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹವಿದೆ.

ಬೆಳ್ಳಿ ಕೊಟ್ಟು ಅವರು ಒಯ್ದದ್ದೇನು? ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ ನೀಲಿ ಹಸಿರು ಛಾಯೆಯ ಬೆರಿಲ್ ಕಲ್ಲು ಸಿಗುತ್ತಿತ್ತು. ಒಳ್ಳೆಯ ಬೆರಿಲ್ ಬರುವುದು ಇಂಡಿಯಾದಿಂದ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ತಿರುಪ್ಪೂರು ಜಿಲ್ಲೆ ದಾಟಿದರೆ ಈರೋಡು ಜಿಲ್ಲೆಯ ಕೊಡುಮಣಲ್, ನೊಯ್ಯಲ್ ದಂಡೆಯ ಮೇಲೆಯೇ ಇದೆ. 1985ರಿಂದ ಅಲ್ಲಿ ನಡೆದ ಉತ್ಖನನಗಳಲ್ಲಿ ಮಣಿ ಕೊರೆಯುವವರ ಕೆಲಸದ ಜಾಗ, ಕಬ್ಬಿಣ ಕರಗಿಸುವ ಕುಲುಮೆ, ತಮಿಳು ಬ್ರಾಹ್ಮಿಯಲ್ಲಿ ಹೆಸರು ಗೀಚಿದ ಮಡಕೆ ಚೂರು ಹೇರಳವಾಗಿ ಸಿಕ್ಕಿವೆ. ಇನ್ನು ಮೆಣಸು. ಬೆರೆನಿಕೆಯ ಗುಡಿಯೊಂದರಲ್ಲಿ, ಇಂಡಿಯಾದಲ್ಲಿ ಮಾಡಿದ ಹರವಿಯೊಳಗೆ, ಏಳೂವರೆ ಕಿಲೋದಷ್ಟು ಕರಿಮೆಣಸು ಉತ್ಖನನಕಾರರಿಗೆ ದೊರೆಯಿತು. ಅದಕ್ಕೂ ಹಿಂದಿನ ಮಾತು ಕೇಳಿ. ಅಮೆಲಿಯಾ 14 ದಿನ ಯಾರ ಮೂರ್ತಿಯ ಮುಂದೆ ಕೂತು ಚಿತ್ರ ಬರೆದರೋ ಆ ರಾಮ್‌ಸೆಸ್ ಅರಸನ ಮಮ್ಮಿಯನ್ನು 1976ರಲ್ಲಿ ಪ್ಯಾರಿಸ್ಸಿನಲ್ಲಿ ಪರೀಕ್ಷೆಗೆ ಒಳಪಡಿಸಿದಾಗ, ಮೂಗಿನ ಹೊಳ್ಳೆಯಲ್ಲಿ ಕರಿಮೆಣಸಿನ ಕಾಳು ಕಂಡಿತು. ಮೆಣಸಿನ ಬಳ್ಳಿ ಹಬ್ಬುವುದು ನಮ್ಮ ಘಟ್ಟಗಳಲ್ಲಿ. ಈ ವಿಷಯ ತಿಳಿಯುವ ಹೊತ್ತಿಗೆ ಅಮೆಲಿಯಾ ತೀರಿಕೊಂಡು ಎಂಬತ್ತು ವರ್ಷ ದಾಟಿತ್ತು. ತಿಳಿದಿದ್ದರೆ ಎಷ್ಟು ಉದ್ದದ ಅಡಿಟಿಪ್ಪಣಿ ಬರೆಯುತ್ತಿದ್ದರೋ!

ಅವರ ಕಾಲದಲ್ಲೇ ನಮ್ಮ ಜಿಲ್ಲೆಯನ್ನೂ ಒಬ್ಬರು ಓದುತ್ತಿದ್ದರು. ಮದರಾಸು ಸರ್ಕಾರದ ಅಧಿಕಾರಿಯಾಗಿದ್ದ ವಾಲ್‌ಹೌಸ್ ಎಂಬುವರು ಕೊಯಮತ್ತೂರು ಜಿಲ್ಲೆಯ ಬೃಹತ್ ಶಿಲಾ ಸಮಾಧಿಗಳ ಬಗ್ಗೆ 1870ರ ದಶಕದಲ್ಲಿ ವಿದ್ವತ್ ಪತ್ರಿಕೆಗಳಲ್ಲಿ ಬರೆದರು. ಆದರೆ ಆ ಬರಹ ಜನರ ಕೈಗೆ ಬರಲಿಲ್ಲ. ಹೊಲದ ಬದುವಿನಲ್ಲಿದ್ದ ಆ ಸಮಾಧಿಗಳ ಚಪ್ಪಡಿ ಕಲ್ಲು ಕಿತ್ತು ಒಗೆಯುವ ಕಲ್ಲು ಮಾಡಿಕೊಂಡವರನ್ನು ನಾವು ದೂರುವಂತಿಲ್ಲ. ಅದೇನೆಂದು ಅವರಿಗೆ ಅವರ ಭಾಷೆಯಲ್ಲಿ ಹೇಳಿದವರು ಯಾರು?

ಕನ್ನಡಿಗರಿಗೆ ಅಮೆಲಿಯಾ ಕಟ್ಟಿದ ಸಂಸ್ಥೆಯ ಋಣವೂ ಒಂದು ಇದೆ. 1896ರ ಚಳಿಗಾಲದಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷಕ್ಕೆ, ಆ ಸಂಸ್ಥೆಯ ಪರವಾಗಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣರು ಆಕ್ಸಿರಿಂಕಸ್ ಎಂಬ ಹಾಳೂರಿನಲ್ಲಿ ಅಗೆಯಲು ಹೋದರು. ಗುಡಿ, ಗೋರಿ ಬಿಟ್ಟು ಅವರು ಅಗೆದದ್ದು ಆ ಊರಿನ ಹಳೆಯ ತಿಪ್ಪೆಗಳನ್ನು. ಮಳೆ ಬೀಳದ ನೆಲವಾದ್ದರಿಂದ ಎಸೆದ ಕಾಗದ ಕೊಳೆತಿರಲಿಲ್ಲ. ಬುಟ್ಟಿಗಟ್ಟಲೆ ಪಪೈರಸ್ ಹಾಳೆ ಬಂತು. ಅದರಲ್ಲಿ ಒಂದು ಗ್ರೀಕ್ ಪ್ರಹಸನ. ಇಂಡಿಯಾದ ಕಡಲ ತೀರದಲ್ಲಿ ಸೆರೆಯಾದ ಚಾರಿಷನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಅಣ್ಣನ ಗುಂಪು ಬಿಡಿಸಿಕೊಂಡು ಹೋಗುವ ಕಥೆ. ಸ್ಥಳೀಯ ಅರಸನಿಗೂ ಅವನ ಕಡೆಯವರಿಗೂ ಮದ್ಯ ಕುಡಿಸಿ ಮತ್ತೇರಿಸಿ ಪಾರಾಗುತ್ತಾರೆ. ಆ ಸ್ಥಳೀಯರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಮದರಾಸಿನಲ್ಲಿ ಶಾಸನತಜ್ಞರಾಗಿ ಕೆಲಸ ಮಾಡಿ ಹೋಗಿದ್ದ ಹುಲ್ಟ್ಜ್ ಅವರು 1904ರಲ್ಲಿ ಅದು ಕನ್ನಡ ಎಂದು ವಾದಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈ, ಇತಿಹಾಸಕಾರ ಸಾಲೆತ್ತೂರು ಇವರೆಲ್ಲ ಆ ಪ್ರಹಸನದ ಬೆನ್ನು ಹತ್ತಿ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಚರ್ಚಿಸಲು ಆ ಹಾಳೆ ನಮ್ಮ ಪಾಲಿಗೆ ಉಳಿದದ್ದೇ ದೊಡ್ಡದು. ತಿಪ್ಪೆಯ ಮಾತು ಬಂತಲ್ಲ, ವೆಳ್ಳಲೂರು ಎಂದರೆ ಈಗ ಕೊಯಮತ್ತೂರಿನವರಿಗೆ ನೆನಪಾಗುವುದು ನಗರದ ಕಸ ಸುರಿಯುವ ಜಾಗ. ಟೈಬೀರಿಯಸ್‌ನ ಬೆಳ್ಳಿ ಸಿಕ್ಕ ಊರು ಇದೇ ಎಂದು ಅಲ್ಲಿನ ಶಾಲೆಯ ಮಕ್ಕಳಿಗೆ ಮೊದಲ ಪಾಠವಾಗಿ ಹೇಳಬೇಕು ಎಂಬುದು ನನ್ನ ಹಂಬಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಾದ ಕುಟುಂಬಗಳು ತಲೆಮಾರುಗಳಿಂದ ಇವೆ. ಸಿರುಮುಗೈಯಂಥ ಊರುಗಳಲ್ಲಿ ಮಗ್ಗದ ಮುಂದೆ ಕೂತ ದೇವಾಂಗದವರು, ಪೊಳ್ಳಾಚಿ, ಉಡುಮಲೈ ಕಡೆಯ ಒಕ್ಕಲಿಗರು. ಮನೆಯೊಳಗೆ ಅಮ್ಮ ಮಗಳು ಮಾತಾಡುವುದು ಕನ್ನಡ, ಚೌಡೇಶ್ವರಿಗೆ ಹರಕೆ ಹೊರುವುದು ಕನ್ನಡದಲ್ಲಿ. ಆದರೆ ಶಾಲೆ ತಮಿಳು ಇಲ್ಲವೆ ಇಂಗ್ಲಿಷು. ಹೀಗಾಗಿ ನಾಲಗೆಗೆ ಬರುವ ಕನ್ನಡ ಕಣ್ಣಿಗೆ ಬರುವುದಿಲ್ಲ. ಮದುವೆಯ ಕರೆಯೋಲೆಯೂ ತಮಿಳು ಲಿಪಿಯಲ್ಲೇ. ಇದರಲ್ಲಿ ಯಾರ ತಪ್ಪೂ ಇಲ್ಲ, ತಮಿಳಿನಲ್ಲಿ ಓದಿದ್ದು ನಮಗೆ ಭಾಗ್ಯವೇ. ಸಂಗಮ ಕಾಲದ 'ಪದಿಟ್ರುಪ್ಪತ್ತು' ಕೊಡುಮಣಲ್ ಊರಿನ ಮಣಿಗಳನ್ನು ಹೆಸರಿಸುತ್ತದೆ, ಅದನ್ನು ಮೂಲದಲ್ಲೇ ಓದಬಲ್ಲ ಕನ್ನಡಿಗರು ನಾವು. ಎರಡು ಲಿಪಿ ಬಲ್ಲವರಾದರೆ ಈ ನೆಲವನ್ನು ನಮ್ಮಷ್ಟು ಚೆನ್ನಾಗಿ ಓದುವವರು ಬೇರೆ ಇರಲಾರರು. ಗುರುವಿಲ್ಲದೆ, ಮಧ್ಯವಯಸ್ಸಿನಲ್ಲಿ, ನೂರಾರು ಚಿಹ್ನೆಗಳ ಚಿತ್ರಲಿಪಿ ಕಲಿತ ಹೆಂಗಸಿನ ಕಥೆ ಹೇಳಿದ್ದೇನೆ. ಮನೆಮಾತಿನ ಐವತ್ತರಷ್ಟು ಅಕ್ಷರ ಕಲಿಯುವುದು ಅದರ ಮುಂದೆ ಏನೂ ಅಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಸ್ವತಂತ್ರ ಭಾರತದ ರಾಜ್ಯಗಳಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಮೊದಲು ಕಾಯಿದೆ ಮಾಡಿದ್ದು ಮದರಾಸು, 1948ರಲ್ಲಿ. ಎಸ್. ಆರ್. ರಂಗನಾಥನ್ ಅವರ ಶ್ರಮ ಅದರ ಹಿಂದಿತ್ತು. ಆಗ ಶಿಕ್ಷಣ ಮಂತ್ರಿಯಾಗಿದ್ದವರು ತಿರುಪ್ಪೂರಿನಲ್ಲಿ ಹುಟ್ಟಿದ ಅವಿನಾಶಿಲಿಂಗಂ ಚೆಟ್ಟಿಯಾರ್. ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದವರೂ ಅವರೇ. ಜಿಲ್ಲೆಗೊಂದು, ಊರಿಗೊಂದು ಗ್ರಂಥಾಲಯ ಬಂದದ್ದು ಆ ಕಾಯಿದೆಯ ಬಲದಿಂದ. ಅಮೆಲಿಯಾ ಕೂಡ 1892ರ ಏಪ್ರಿಲಿನಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಪುಸ್ತಕಗಳಿಗೆ ದಾರಿ ಮಾಡಿಟ್ಟಿದ್ದರು. ಈಜಿಪ್ಟಿನ ಗ್ರಂಥಗಳು, ಪ್ರಾಚ್ಯವಸ್ತುಗಳು ಮತ್ತು ಒಂದು ಪ್ರಾಧ್ಯಾಪಕ ಪೀಠಕ್ಕೆ ಬೇಕಾದ ಹಣ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಏಕೆಂದರೆ ಅಲ್ಲಿ ಹೆಣ್ಣುಮಕ್ಕಳಿಗೂ ಪದವಿ ಕೊಡುತ್ತಿದ್ದರು. ಆ ಪೀಠದಲ್ಲಿ ಮೊದಲು ಕೂತವರು ಫ್ಲಿಂಡರ್ಸ್ ಪೆಟ್ರಿ. ಉಳಿದ ಪುಸ್ತಕಗಳಲ್ಲಿ ಬಹುಪಾಲು ಆಕ್ಸ್‌ಫರ್ಡಿನ ಸೋಮರ್‌ವಿಲ್ ಎಂಬ ಹೆಣ್ಣುಮಕ್ಕಳ ಕಾಲೇಜಿಗೆ ಹೋದವು.

ನನ್ನ ಕೋರಿಕೆ ಇಷ್ಟು. ನಮ್ಮ ಜಿಲ್ಲೆಗಳ ಕನ್ನಡ ಮನೆಗಳ ತಾಯಂದಿರು, ಅಕ್ಕಂದಿರು ಈ ಬೇಸಿಗೆ ರಜೆಯಲ್ಲಿ ಒಂದು ಕನ್ನಡ ಅಕ್ಷರಮಾಲೆ ತರಿಸಿಕೊಂಡು ಮಕ್ಕಳ ಜೊತೆ ತಾವೂ ಕಲಿಯಿರಿ. ಹತ್ತಿರದ ಗ್ರಂಥಾಲಯದಲ್ಲಿ ಸದಸ್ಯರಾಗಿ, ಅಲ್ಲಿ ಕನ್ನಡ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಕೊಡುಮಣಲ್ ಬಗ್ಗೆ ತಮಿಳಿನಲ್ಲಿ ಒಳ್ಳೆಯ ಬರಹಗಳಿವೆ. ಅವನ್ನು ಮೊದಲು ಓದಿ, ಆಮೇಲೆ ಮಕ್ಕಳನ್ನು ಕರೆದುಕೊಂಡು ಆ ಊರಿಗೆ ಹೋಗಿ. ಹೊಲದಲ್ಲಿ ಮಡಕೆ ಚೂರೋ ಮಣಿಯೋ ಕಂಡರೆ ಎತ್ತಿ ಮನೆಗೆ ತರಬೇಡಿ, ಕಂಡ ಜಾಗವನ್ನು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ.